ಗುಜರಾತಿನ ಪೇಟೆಯೂ ಮಕ್ಕಳ ಮಗ್ಗಿಯೂ

ಅಹಮದಾಬಾದ್, ಸೂರತ್, ವಡೋದರಾಗಳ ಹಳೆಯ ಊರಶಾಲೆಗಳಲ್ಲಿ ಮಗ್ಗಿಯೇ ಪ್ರಧಾನ ಪಾಠವಾಗಿತ್ತು. ಹತ್ತಿ, ರೇಷ್ಮೆ, ಧಾನ್ಯಗಳ ವ್ಯಾಪಾರವೇ ಬದುಕಾಗಿದ್ದ ಈ ನಗರಗಳಲ್ಲಿ ವರ್ತಕರ ಮನೆಯ ಹುಡುಗನಿಗೆ ಅಂಗಡಿ ಲೆಕ್ಕ ಬಾಯಲ್ಲೇ ಬರಬೇಕಿತ್ತು. ಕಲಿಸುವವರನ್ನು ಮೆಹತಾಜಿ ಎನ್ನುತ್ತಿದ್ದರು. ಮರದ ಹಲಗೆಯ ಮೇಲೆ ಧೂಳು ಹರಡಿ ಕಡ್ಡಿಯಿಂದ ಅಂಕಿ ತಿದ್ದಿಸುತ್ತಿದ್ದುದರಿಂದ ಈ ಶಾಲೆಗಳಿಗೆ ‘ಧೂಡಿ ನಿಶಾಳ್’ ಎಂಬ ಹೆಸರು ಬಂತು. ಕರ್ನಾಟಕದ ಕೂಲಿಮಠಗಳಲ್ಲಿ ಮರಳಿನ ಮೇಲೆ ಬರೆಸುತ್ತಿದ್ದ ಪದ್ಧತಿಯೂ ಇಂಥದ್ದೇ. ಒಬ್ಬ ಹುಡುಗ ಮುಂದೆ ನಿಂತು ಹೇಳಿಕೊಟ್ಟರೆ ಉಳಿದವರು ಒಟ್ಟಾಗಿ ರಾಗವಾಗಿ ಹೇಳುತ್ತಿದ್ದರು. ಮೆಹತಾಜಿಗೆ ಸಿಗುತ್ತಿದ್ದುದು ಹಿಡಿ ಧಾನ್ಯ ಅಥವಾ ಅಲ್ಪ ಹಣ. ಇಷ್ಟು ಕಡಿಮೆ ಖರ್ಚಿನ ಕಲಿಕೆಯಿಂದಲೇ ಸಾಮಾನ್ಯ ರೈತ, ಸಣ್ಣ ವ್ಯಾಪಾರಿ ತಮ್ಮ ಲೆಕ್ಕ ತಾವೇ ಇಡಬಲ್ಲರೆಂದು ಮುಂಬಯಿ ಸರ್ಕಾರದ ಕೌನ್ಸಿಲ್ ಸದಸ್ಯ ಪ್ರೆಂಡರ್‌ಗಾಸ್ಟ್ 1821ರಲ್ಲಿ ದಾಖಲಿಸಿದರು. ಆದರೆ ಹೆಣ್ಣುಮಕ್ಕಳಿಗೆ ಈ ಶಾಲೆಗಳ ಬಾಗಿಲು ತೆರೆದದ್ದು ಅಪರೂಪ.

ಪೂರ್ಣಸಂಖ್ಯೆಗಳ ಮಗ್ಗಿ ಮುಗಿದ ಮೇಲೆ ಭಿನ್ನರಾಶಿಯ ಮಗ್ಗಿಗಳ ಸರದಿ. ಕಾಲಿಗೆ ‘ಪಾ’, ಅರೆಗೆ ‘ಅಡಧಾ’, ಮುಕ್ಕಾಲಿಗೆ ‘ಪೋಣಾ’, ಒಂದೂಕಾಲಿಗೆ ‘ಸವಾಯಾ’, ಒಂದೂವರೆಗೆ ‘ದೋಢಾ’, ಎರಡೂವರೆಗೆ ‘ಅಢಿಯಾ’, ಮೂರೂವರೆಗೆ ‘ಊಂಠಾ’. ಇವುಗಳ ಹಿಂದೆ ಪೇಟೆಯ ಅಳತೆಗಳಿದ್ದವು. ರೂಪಾಯಿಗೆ 16 ಆಣೆ, ಮಣಕ್ಕೆ 40 ಸೇರು. ಹಾಗಾಗಿ ಒಂದು ಮಣಕ್ಕೆ ಎಷ್ಟು ರೂಪಾಯಿಯೋ ಎರಡೂವರೆ ಸೇರಿಗೆ ಅಷ್ಟೇ ಆಣೆ. ಮಣಕ್ಕೆ 13 ರೂಪಾಯಿ ದರವಿದ್ದರೆ ಎರಡೂವರೆ ಮಣದ ಬೆಲೆ 32 ರೂಪಾಯಿ 8 ಆಣೆ ಎಂಬುದು ‘ಅಢಿಯಾ’ ಬಂದವನಿಗೆ ಕಾಗದವಿಲ್ಲದೆ ತಿಳಿಯುತ್ತಿತ್ತು.

ಮುದ್ರಿತ ಪುಸ್ತಕಗಳು ಬಂದದ್ದು 1820ರ ದಶಕದಲ್ಲಿ. ಭರೂಚ್‌ನ ರಣಛೋಡದಾಸ ಗಿರಧರಭಾಯಿ ಮುಂಬಯಿಯಲ್ಲಿ ಗುಜರಾತಿ ಪಠ್ಯಗಳನ್ನು ಸಿದ್ಧಪಡಿಸಿದರು. 1826ರಿಂದ ಸೂರತ್, ಅಹಮದಾಬಾದ್‌ಗಳಲ್ಲಿ ಸರ್ಕಾರಿ ಶಾಲೆಗಳು ತೆರೆದವು. ಸೂರತ್‌ನ ಸಮಾಜ ಸುಧಾರಕ ದುರ್ಗಾರಾಮ ಮೆಹತಾಜಿ ಇಂಥ ಶಾಲೆಯ ಶಿಕ್ಷಕರೇ. ಹೊಸ ಶಾಲೆಗಳು ಭೂಗೋಳ, ವ್ಯಾಕರಣಗಳನ್ನು ಸೇರಿಸಿಕೊಂಡರೂ ಮಗ್ಗಿಯನ್ನು ಕೈಬಿಡಲಿಲ್ಲ. ಬರೋಡಾ ಸಂಸ್ಥಾನದಲ್ಲಿ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ, 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ವರ್ತಕರ ಮಕ್ಕಳ ಸೊತ್ತಾಗಿದ್ದ ಲೆಕ್ಕ ಹೆಣ್ಣುಮಕ್ಕಳಿಗೂ, ಇತರ ಸಮುದಾಯಗಳಿಗೂ ತಲುಪಲು ಇದರಿಂದ ದಾರಿಯಾಯಿತು.

ಬಾಯಿಪಾಠ ಎಲ್ಲ ಮಕ್ಕಳಿಗೂ ಸುಲಭವಾಗಿರಲಿಲ್ಲ. ಪೋರಬಂದರಿನ ಶಾಲೆಯಲ್ಲಿ ಮಗ್ಗಿ ಕಲಿಯಲು ಕಷ್ಟಪಟ್ಟುದನ್ನು ಗಾಂಧೀಜಿ ಆತ್ಮಕಥೆಯಲ್ಲಿ ನೆನೆದಿದ್ದಾರೆ. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ ಹೊಡೆತ, ಹೆದರಿಕೆಗಳಿಲ್ಲದ ಕಲಿಕೆಗೆ ದನಿಯಾದರು; ಆಟ, ಕತೆ, ಕೈಗೆ ಸಿಗುವ ವಸ್ತುಗಳ ಮೂಲಕ ಕಲಿಸುವುದನ್ನು ಪ್ರತಿಪಾದಿಸಿದರು.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆಯ ಲೆಕ್ಕ ಜಾರಿಗೆ ಬಂತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಬರತೊಡಗಿದವು. ಆಣೆ, ಸೇರು ಮರೆಯಾದಂತೆ ‘ಅಢಿಯಾ’, ‘ಊಂಠಾ’ಗಳಿಗೂ ಕೆಲಸ ತಪ್ಪಿತು. ಪೂರ್ಣಸಂಖ್ಯೆಯ ಮಗ್ಗಿ ಮಾತ್ರ ಇಂದಿಗೂ ಶಾಲೆಗಳಲ್ಲಿ ಉಳಿದಿದೆ. ಆ ಕಾಲದ ಮಕ್ಕಳು ಬೆಳಿಗ್ಗೆ ಬಾಯಿಪಾಠ ಮಾಡಿದ್ದನ್ನು ಸಂಜೆ ಅಂಗಡಿಯಲ್ಲಿ ಬಳಸಬಹುದಿತ್ತು. ಮಗ್ಗಿ ಕಲಿಸುವ ಇಂದಿನ ಶಿಕ್ಷಕರೂ ಪಾಲಕರೂ ಆ ನಂಟನ್ನು ಉಳಿಸಿಕೊಳ್ಳಬೇಕು. ಬಳಕೆಯಿದ್ದಾಗಲೇ ಬಾಯಿಪಾಠ ನೆನಪಿನಲ್ಲಿ ನಿಲ್ಲುತ್ತದೆ.