ಕೈಗಡಿಯಾರದಿಂದ ಸ್ಕೂಟರಿನವರೆಗೆ: ಹೊಸೂರು ಸೀಮೆಯ ತಯಾರಕರೂ ಅಂಗಡಿಕಾರರೂ

ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ, ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಊರು ಸೂಳಗಿರಿ. ಅದರ ಒಂದು ಮಗ್ಗುಲಿಗೆ ಟೈಟಾನ್ ಹುಟ್ಟಿದ ಹೊಸೂರು. ಇನ್ನೊಂದು ಕಡೆ, ಕೃಷ್ಣಗಿರಿ ದಾಟಿದರೆ, ಓಲಾ ಸ್ಕೂಟರ್ ತಯಾರಾಗುವ ಪೋಚಂಪಳ್ಳಿ. ತಯಾರಕರು ಅಂಗಡಿಕಾರನನ್ನು ಬದಿಗಿಟ್ಟು ಗಿರಾಕಿಗೆ ನೇರ ಮಾರಲು ಹೊರಟ ಚರಿತ್ರೆಯನ್ನು ಈ ಕೃಷ್ಣಗಿರಿ ಜಿಲ್ಲೆಯೊಂದರೊಳಗೇ ಓದಬಹುದು. ನನಗೆ ಕಂಡಂತೆ, ಅಂಗಡಿಕಾರ ಹಾಗೆಲ್ಲ ಬದಿಗೆ ಸರಿದವನೇ ಅಲ್ಲ.

ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಟಿಡ್ಕೊ ಸೇರಿ 1984ರಲ್ಲಿ ಟೈಟಾನ್ ಸ್ಥಾಪಿಸಿದಾಗ ಕೈಗಡಿಯಾರವೆಂದರೆ ಎಚ್‌ಎಂಟಿ. ಜಪಾನಿನ ಸಿಟಿಜನ್ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಮನೆಮನೆ ಸೇರಿತ್ತು. ಅದನ್ನು ಮಾರುತ್ತಿದ್ದ ವಾಚಿನಂಗಡಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ರಿಪೇರಿಯವನ ಅಂಗಡಿಯೂ ಆಗಿತ್ತು. ಕೀ ಕೊಡುವ ವಾಚು ಆಗಾಗ ಎಣ್ಣೆ ಬೇಡುತ್ತದೆ, ಶುಚಿ ಬೇಡುತ್ತದೆ. ಟೈಟಾನ್ ನೆಚ್ಚಿಕೊಂಡ ಕ್ವಾರ್ಟ್ಸ್ ವಾಚಿಗೆ ಸೆಲ್ ಬದಲಿಸಿದರೆ ಬಹುಮಟ್ಟಿಗೆ ಸಾಕು. ಮೇಲಾಗಿ ಮೊದಲ ವ್ಯವಸ್ಥಾಪಕ ನಿರ್ದೇಶಕ ಝರ್ಕ್ಸಿಸ್ ದೇಸಾಯಿ ವಾಚನ್ನು ಅಲಂಕಾರದ ವಸ್ತುವಾಗಿ ಕಂಡವರು. ಹಳೆಯ ಗಾಜಿನ ಪೆಟ್ಟಿಗೆಯೊಳಗೆ ಆ ನೋಟಕ್ಕೆ ಜಾಗ ಸಾಲದು. 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ಕಂಪನಿಯದೇ ಷೋರೂಂ ತೆರೆಯಿತು.

ತೊಡಕು ಶುರುವಾಗುವುದು ಇಲ್ಲಿಯೇ. ಹತ್ತು ಕಂಪನಿಗಳ ವಾಚಿನ ನಡುವೆ ಟೈಟಾನನ್ನೂ ಇಟ್ಟು ಮಾರುವ ವ್ಯಾಪಾರಿಗೆ ಅದೇ ಟೈಟಾನ್ ಪಕ್ಕದ ಬೀದಿಯ ಪೈಪೋಟಿಗಾರ. ಕಂಪನಿ ಹಳೆಯ ಅಂಗಡಿಗಳನ್ನು ಕೈಬಿಡಲಿಲ್ಲ. ತನ್ನ ಷೋರೂಮುಗಳಲ್ಲಿ ಬಹುಪಾಲನ್ನು ಫ್ರಾಂಚೈಸಿ ಪಡೆದ ಸ್ಥಳೀಯ ವ್ಯಾಪಾರಿಗಳ ಕೈಗೇ ಕೊಟ್ಟಿತು. ಬೋರ್ಡು ಕಂಪನಿಯದು, ಗಲ್ಲಾದಲ್ಲಿ ಕೂತವನು ಊರಿನವನೇ. ಈ ಚರಿತ್ರೆಯಲ್ಲಿ ಅತ್ಯಂತ ಜಾಣ ನಡೆ ಇದೇ ಎಂದು ನನ್ನ ಎಣಿಕೆ.

ಟೈಟಾನ್‌ನದೇ ಒಡವೆ ಬ್ರ್ಯಾಂಡ್ ತನಿಷ್ಕ್‌ನ ಕಥೆ ಬೇರೆ. 1996ರಲ್ಲಿ ಚೆನ್ನೈಯಲ್ಲಿ ಮೊದಲ ಮಳಿಗೆ ತೆರೆದಾಗ ಎದುರಿಗಿದ್ದವರು ತಲೆಮಾರುಗಳಿಂದ ನಂಬಿಕೆ ಗಳಿಸಿದ್ದ ಚಿನ್ನದ ವ್ಯಾಪಾರಿಗಳು. ತನಿಷ್ಕ್ ಮೊದಲು ತಂದ 18 ಕ್ಯಾರಟ್ ಒಡವೆ ನಮ್ಮವರಿಗೆ ಒಪ್ಪಿಗೆಯಾಗಲಿಲ್ಲ. ಕಂಪನಿ 22 ಕ್ಯಾರಟ್ಟಿಗೆ ತಿರುಗಿ, ಒಡವೆಯ ಶುದ್ಧತೆಯನ್ನು ಗಿರಾಕಿಯ ಕಣ್ಣೆದುರೇ ಅಳೆಯುವ ಕ್ಯಾರಟ್‌ಮೀಟರನ್ನು ಮಳಿಗೆಗೆ ತಂದ ಮೇಲೆಯೇ ಕಾಲೂರಿತು.

ವಾಹನಗಳ ಕಡೆ, ಹೊಸೂರಿನ ಟಿವಿಎಸ್ 1980ರ ಮೊಪೆಡ್ಡಿನಿಂದ ಹಿಡಿದು ಡೀಲರುಗಳನ್ನೇ ನಂಬಿ ಬೆಳೆಯಿತು. 2018ರಲ್ಲಿ ಬೆಂಗಳೂರಿನಲ್ಲಿ ಮಾರಾಟ ಆರಂಭಿಸಿದ ಬ್ಯಾಟರಿ ಸ್ಕೂಟರಿನ ಏಥರ್, ತನ್ನದೇ ಕೇಂದ್ರದಿಂದ ಹೊರಟು ಊರೂರಿಗೆ ಹರಡುವಾಗ ಡೀಲರುಗಳ ಜೊತೆ ಕೈಜೋಡಿಸಿತು. ಅದರ ಕಾರ್ಖಾನೆಯೂ ಹೊಸೂರಿಗೆ ಬಂತು. ಓಲಾ ಮಾತ್ರ 2021ರಲ್ಲಿ ಡೀಲರನೇ ಬೇಡವೆಂದು ಮೊಬೈಲಿನಲ್ಲೇ ಸ್ಕೂಟರ್ ಮಾರಿ ಮನೆಬಾಗಿಲಿಗೆ ಕಳಿಸಿತು. ಆದರೆ ಕೆಟ್ಟ ಸ್ಕೂಟರನ್ನು ಮೊಬೈಲಿನಲ್ಲಿ ರಿಪೇರಿ ಮಾಡಲಾಗದು. ದೂರುಗಳು ಹೆಚ್ಚಿ, 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿ ತನ್ನ ಮಳಿಗೆಗಳ ಸಂಖ್ಯೆ 4,000ಕ್ಕೆ ಏರಿತೆಂದು ಸಾರಿತು. ಬೇಡವೆಂದ ಅಂಗಡಿ, ಕಂಪನಿಯ ಸ್ವಂತ ಖರ್ಚಿನಲ್ಲಿ ಮರಳಿ ಬಂದಿತ್ತು.

ಸೂಳಗಿರಿಯ ಸುತ್ತಲಿನ ಹೊಲಗಳಲ್ಲಿ ಕೊತ್ತಂಬರಿ, ಪುದೀನ ಬೆಳೆಯುವವರೂ ತಯಾರಕರೇ. ಅವರಂಥವರಿಗಾಗಿಯೇ ತಮಿಳುನಾಡಿನ ಕರುಣಾನಿಧಿ ಸರ್ಕಾರ 1999ರ ನವೆಂಬರ್ 14ರಂದು ಮದುರೆಯಲ್ಲಿ ಮೊದಲ 'ಉಳವರ್ ಸಂದೈ' ತೆರೆಯಿತು: ಗುರುತಿನ ಚೀಟಿ ಪಡೆದ ರೈತ ದಲ್ಲಾಳಿಗೆ ಕಮಿಷನ್ ಕೊಡದೆ ಗಿರಾಕಿಗೇ ಮಾರುವ ಸಂತೆ. ಬುಟ್ಟಿ ಸೊಪ್ಪಿದ್ದವರಿಗೆ ಅದು ನಿಜವಾದ ಆಸರೆ. ಆದರೆ ವಾಚು ವರ್ಷಗಟ್ಟಲೆ ಷೋರೂಮಿನಲ್ಲಿ ಕಾಯಬಲ್ಲದು, ಕಿತ್ತ ಕೊತ್ತಂಬರಿ ಒಂದು ಹಗಲು ಕಾಯಲಾರದು. ಇಡೀ ಹೊಲ ಒಮ್ಮೆಗೇ ಕೊಯ್ಲಿಗೆ ಬಂದ ರೈತ ಕಟ್ಟು ಕಟ್ಟಿ, ನೀರು ಚಿಮುಕಿಸಿ, ಕತ್ತಲಾಗುವುದರೊಳಗೆ ಮಂಡಿಯ ಲಾರಿಗೇ ಹೇರಬೇಕು.