ರಾವಣನ ಸೋಲು, ಶಿವನ ಒಲವು: ಮುರ್ಡೇಶ್ವರದ ಸ್ಥಳಪುರಾಣವೂ ಬೈಬಲ್ಲಿನ ಕೀರ್ತನೆಗಳೂ

ಮುರ್ಡೇಶ್ವರದ ಕಂದುಕಗಿರಿಗೆ ಮೂರು ಕಡೆ ಕಡಲು. ಸ್ಥಳಪುರಾಣದ ಪ್ರಕಾರ ಅಲ್ಲಿಗೆ ಬಂದು ಬಿದ್ದದ್ದು ಒಂದು ಬಟ್ಟೆ. ಶಿವನಿಂದ ಪಡೆದು ಲಂಕೆಗೆ ಒಯ್ಯುತ್ತಿದ್ದ ಆತ್ಮಲಿಂಗ ಗೋಕರ್ಣದಲ್ಲಿ ನೆಲಕಚ್ಚಿದಾಗ, ಕೀಳಲಾರದೆ ರಾವಣ ಸಿಟ್ಟಿನಿಂದ ಎಸೆದ ಅದರ ಹೊದಿಕೆ ಅದು. ಸಂಪುಟ ಸಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ ಬಿದ್ದವು. ಕಾರವಾರದಿಂದ ಭಟ್ಕಳದವರೆಗಿನ ಐದು ಶಿವಕ್ಷೇತ್ರಗಳು ಹೀಗೆ ಒಬ್ಬ ಬಲಶಾಲಿಯ ಸೋಲಿನಿಂದ ಹುಟ್ಟಿದವು. ತೋಳ್ಬಲ ಎಲ್ಲಿ ಮುಗಿಯುತ್ತದೆ, ಕೃಪೆ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಯನ್ನು ಬೈಬಲ್ಲಿನ ಕೀರ್ತನೆಗಳು ನೇರವಾಗಿ ಎತ್ತುತ್ತವೆ. ಈ ಕರಾವಳಿ ಅದನ್ನು ರಾವಣನ ಮೂಲಕ ಎತ್ತಿತು. ಎರಡರ ಉತ್ತರ ಒಂದೇ ಅಲ್ಲ.

ಆತ್ಮಲಿಂಗದ ಕಥೆ ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ. ಅಲ್ಲಿನ ಉತ್ತರಕಾಂಡದಲ್ಲಿ ಇರುವುದು ಎರಡು ಬೇರೆ ಬೇರೆ ಪ್ರಸಂಗಗಳು. ಒಂದರಲ್ಲಿ ರಾವಣ ತಮ್ಮಂದಿರೊಡನೆ ಗೋಕರ್ಣದಲ್ಲಿ ತಪಸ್ಸು ಮಾಡಿ, ಒಂದೊಂದೇ ತಲೆಯನ್ನು ಹೋಮಿಸಿ ಬ್ರಹ್ಮನಿಂದ ವರ ಗಿಟ್ಟಿಸುತ್ತಾನೆ. ಇನ್ನೊಂದರಲ್ಲಿ ಕೈಲಾಸವನ್ನು ಎತ್ತಲು ಹೋಗಿ, ಶಿವನ ಹೆಬ್ಬೆರಳಿನ ಒತ್ತಡಕ್ಕೆ ತೋಳು ಸಿಕ್ಕಿಕೊಂಡು ಚೀರುತ್ತಾನೆ. ಸಾವಿರ ವರ್ಷ ಸ್ತುತಿಸಿದ ಮೇಲೆ ಬಿಡುಗಡೆಯೂ ಚಂದ್ರಹಾಸ ಖಡ್ಗವೂ ಸಿಗುತ್ತವೆ. ಮೊದಲನೆಯದು ಸಂಪಾದನೆ, ಎರಡನೆಯದು ಕೃಪೆ. ನಮ್ಮ ಸ್ಥಳಪುರಾಣ ಈ ಎರಡನ್ನೂ ಒಂದೇ ಕಥೆಗೆ ಹೊಲಿದಂತೆ ನನಗೆ ಕಾಣುತ್ತದೆ: ಆತ್ಮಲಿಂಗ ತಪಸ್ಸಿಗೆ ಸಿಕ್ಕಿದ್ದು, ಆದರೆ ತಪಸ್ಸಿನ ಬಲದಿಂದ ಅದನ್ನು ಇಟ್ಟುಕೊಳ್ಳಲಾಗಲಿಲ್ಲ.

ಭಕ್ತಿಕವಿಗಳಿಗೆ ಹಿಡಿಸಿದ್ದು ಕೈಲಾಸದ ಪ್ರಸಂಗ. 7ನೇ ಶತಮಾನದ ತಮಿಳು ಶೈವಕವಿ ತಿರುಜ್ಞಾನಸಂಬಂಧರ್ ಗೋಕರ್ಣದ ಮೇಲೂ ಹಾಡಿದವರು. ಪದಿಗಗಳೆಂಬ ಅವರ ಹಾಡುಗಳಲ್ಲಿ ಎಂಟನೆಯ ಪದ್ಯ ರಾವಣನಿಗೇ ಮೀಸಲು, ಅದು ಅವರ ಪದ್ಧತಿ. ಜಜ್ಜಿಹೋದವನು ಹಾಡಿದ, ಶಿವ ಒಲಿದ. ಎಲ್ಲೋರದ ಕೈಲಾಸ ದೇವಾಲಯದಲ್ಲೂ ಹಳೇಬೀಡಿನ ಗೋಡೆಯಲ್ಲೂ ಶಿಲ್ಪಿಗಳು ಕೆತ್ತಿದ್ದು ಇದೇ ಪ್ರಸಂಗವನ್ನು.

ಜೈನರ ಪಾಠ ಬೇರೆ. ಭಟ್ಕಳದ ಚಂದ್ರನಾಥ ಬಸದಿ, ಗೇರುಸೊಪ್ಪೆಯ ಚತುರ್ಮುಖ ಬಸದಿಗಳನ್ನು ಕಂಡವರಿಗೆ ಈ ಕರಾವಳಿ ಒಂದು ಕಾಲಕ್ಕೆ ಎಷ್ಟು ಜೈನವಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿ ಬೆಟ್ಟವನ್ನು ಒತ್ತುವವನು ಶಿವನಲ್ಲ, ಅದರ ಮೇಲೆ ತಪಸ್ಸಿಗೆ ನಿಂತ ವಾಲಿಮುನಿ. ತೀರ್ಥಂಕರ ಯಾರಿಗೂ ಕೃಪೆ ಮಾಡುವವನಲ್ಲ. ಅವರವರ ಕರ್ಮವನ್ನು ಅವರವರೇ ಕಳೆದುಕೊಳ್ಳಬೇಕು. ದೈವಕೃಪೆಗೆ ಜಾಗವೇ ಇಲ್ಲದ ಮತವೊಂದು ಇದೇ ನೆಲದಲ್ಲಿ ರಾಜಾಶ್ರಯ ಪಡೆದು ಬಾಳಿತೆಂಬುದನ್ನು ಭಕ್ತಿಯ ಇತಿಹಾಸ ಬರೆಯುವವರು ಸುಲಭವಾಗಿ ಮರೆಯುತ್ತಾರೆ.

ಇನ್ನು ಬೈಬಲ್ಲಿನ ಕೀರ್ತನೆಗಳು ಕನ್ನಡಕ್ಕೆ ಬಂದದ್ದು ತೀರಾ ಈಚೆಗೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೈಹಚ್ಚಿದ ಅನುವಾದದ ಫಲವಾಗಿ 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿತ್ತು. 150 ಕೀರ್ತನೆಗಳಲ್ಲಿ ಬಲದ ಮಾತಿನೊಡನೆ ಮತ್ತೆ ಮತ್ತೆ ಕುದುರೆ ಬರುತ್ತದೆ. 20ನೆಯದು ರಥ, ಕುದುರೆಗಳನ್ನು ನೆಚ್ಚುವವರನ್ನು ದೇವರ ಹೆಸರನ್ನು ನೆಚ್ಚುವವರಿಗೆ ಎದುರಿಡುತ್ತದೆ. 33ನೆಯದು ದೊಡ್ಡ ಸೈನ್ಯದಿಂದ ಅರಸ ಉಳಿಯಲಾರ ಎನ್ನುತ್ತದೆ. 147ನೆಯದರ ದೇವರಿಗೆ ಕುದುರೆಯ ಶಕ್ತಿಯೂ ಆಳಿನ ಕಾಲ್ಬಲವೂ ಮೆಚ್ಚುಗೆಯಲ್ಲ. ಈಜಿಪ್ಟು, ಅಸ್ಸೀರಿಯಗಳ ರಥಬಲದ ನಡುವೆ ಸಿಕ್ಕಿದ್ದ ಒಂದು ಗುಡ್ಡಗಾಡು ರಾಜ್ಯದ ಮಾತು ಇದು.

ವ್ಯತ್ಯಾಸವಿರುವುದು ಇಲ್ಲಿ. ಕೀರ್ತನಕಾರನದು ದುರ್ಬಲರ ದನಿ. ಕೃಪೆಯನ್ನು ಅವನು ವ್ರತ, ತಪಸ್ಸುಗಳಿಂದ ಕೊಳ್ಳಲಾರ. 51ನೆಯ ಕೀರ್ತನೆಗೆ ಮುರಿದ ಮನಸ್ಸೇ ಬಲಿ. ಕೈಲಾಸದಡಿ ಸಿಕ್ಕಿದ ರಾವಣನಿಗೆ ಹತ್ತಿರದ್ದು ಇದೊಂದೇ. ಗೋಕರ್ಣದ ರಾವಣನಾದರೋ ದೇವರನ್ನೇ ಮಾತಿಗೆ ಕಟ್ಟಿಹಾಕಿದವನು. ತಪಸ್ಸಿಗೆ ಫಲ ಕೊಡದೆ ಶಿವನಿಗೆ ಗತಿಯಿಲ್ಲ. ಆ ಫಲವನ್ನು ತಪ್ಪಿಸಲು, ರಾವಣ ಸಂಧ್ಯಾವಂದನೆಗೆ ನಿಲ್ಲುವಂತೆ ವಿಷ್ಣು ಸೂರ್ಯನನ್ನು ಮರೆಮಾಡಬೇಕಾಗುತ್ತದೆ, ಲಿಂಗವನ್ನು ಅವನ ಕೈಯಿಂದ ಪಡೆದು ನೆಲಕ್ಕಿಡಲು ಗಣಪತಿ ದನಗಾಹಿ ವಟುವಾಗಬೇಕಾಗುತ್ತದೆ. ಕೃಪೆ ಇಲ್ಲಿ ರಾವಣನ ಕೈತಪ್ಪಿ ನೆಲಕ್ಕೆ ಇಳಿಯಿತು: ಒಬ್ಬನ ಲಂಕೆಗೆ ಸೇರಬೇಕಿದ್ದದ್ದು ಎಲ್ಲರ ತೀರ್ಥವಾಯಿತು. ಕೀರ್ತನೆಗಳಲ್ಲಿ ಇಂಥ ತಿರುವಿಲ್ಲ. ಬದಲಿಗೆ 44ನೆಯದು, ಪೂರ್ವಿಕರು ನಾಡು ಗೆದ್ದದ್ದು ತಮ್ಮ ಕತ್ತಿಯಿಂದಲ್ಲ ಎಂದು ಒಪ್ಪಿಕೊಂಡು, ನಿನ್ನನ್ನೇ ನಂಬಿದ ನಮ್ಮನ್ನು ಯಾಕೆ ಸೋಲಿಸಿದೆ ಎಂದು ದೇವರನ್ನೇ ಜಗ್ಗಿ ಕೇಳುತ್ತದೆ. ನನ್ನ ಮಟ್ಟಿಗೆ ಇಡೀ ಸಂಗ್ರಹದಲ್ಲಿ ಅತ್ಯಂತ ಪ್ರಾಮಾಣಿಕವಾದ ಕೀರ್ತನೆ ಇದು.

ಅನೇಕ ಕನ್ನಡಿಗರಿಗೆ ಆತ್ಮಲಿಂಗದ ಕಥೆಯನ್ನು ಮುಟ್ಟಿಸಿದ್ದು ಪುರಾಣವಲ್ಲ, 1958ರ ‘ಭೂಕೈಲಾಸ’ ಚಿತ್ರದಲ್ಲಿ ರಾಜಕುಮಾರ್ ಆಡಿದ ರಾವಣ. ಪ್ರೇಕ್ಷಕರು ಮರುಗಿದ್ದು ಮೋಸಹೋದವನಿಗೆ. ಮುರ್ಡೇಶ್ವರದಲ್ಲಿ ಈಗ 123 ಅಡಿಯ ಶಿವನ ಪ್ರತಿಮೆಯಿದೆ, ಲಿಫ್ಟಿನಲ್ಲಿ ಹತ್ತಬಹುದಾದ 20 ಅಂತಸ್ತಿನ ರಾಜಗೋಪುರವಿದೆ. ಇದೇ ಊರಿನ ಉದ್ಯಮಿ ಆರ್.ಎನ್. ಶೆಟ್ಟಿ ಕಟ್ಟಿಸಿದವು. ದೇವರು ಕಟ್ಟದ ಮನೆಯಲ್ಲಿ ಕಟ್ಟುವವರ ದುಡಿಮೆ ವ್ಯರ್ಥ ಎನ್ನುವ 127ನೆಯ ಕೀರ್ತನೆಯ ಕಣ್ಣಿನಿಂದ ಇವನ್ನು ಹೇಗೆ ನೋಡಬೇಕೋ, ಭಕ್ತರಿಗೆ ಆ ಗೊಂದಲವಿಲ್ಲ. ಪ್ರತಿಮೆಯ ಕೆಳಗಿನ ಗುಹೆಯಲ್ಲಿ ಆತ್ಮಲಿಂಗದ ಕಥೆಯನ್ನು ಬೊಂಬೆಗಳಲ್ಲಿ ನಿಲ್ಲಿಸಿದ್ದಾರೆ. ಹತ್ತು ತಲೆಯವನನ್ನು ನೋಡಲು ಮಕ್ಕಳು ಅಲ್ಲಿ ಗುಂಪುಗಟ್ಟುತ್ತಾರೆ.