ನಾಟ್ಯಮಂಡಪವೂ ಪ್ರೇಕ್ಷಕರ ಸೌಕರ್ಯವೂ

ಭರತಮುನಿಪ್ರಣೀತವಾದ ನಾಟ್ಯಶಾಸ್ತ್ರದ ದ್ವಿತೀಯಾಧ್ಯಾಯವು ಪ್ರೇಕ್ಷಾಗೃಹದ ಲಕ್ಷಣವನ್ನು ನಿರೂಪಿಸುತ್ತದೆ. ವಿಕೃಷ್ಟ, ಚತುರಸ್ರ, ತ್ರ್ಯಸ್ರವೆಂಬ ಆಕಾರಭೇದಗಳನ್ನೂ 108, 64, 32 ಹಸ್ತಗಳ ಪ್ರಮಾಣಭೇದಗಳನ್ನೂ ವಿದ್ವಾಂಸರು ಬಹುವಾಗಿ ಚರ್ಚಿಸಿರುವರು. ಆ ಮಂಡಪದೊಳಗೆ ಕುಳಿತವನ ಕಣ್ಣು, ಕಿವಿ, ಕಾಲುಗಳ ವಿಷಯದಲ್ಲಿ ಶಾಸ್ತ್ರಕಾರನ ಆಶಯವೇನೆಂಬುದು ಇಲ್ಲಿ ವಿಚಾರ್ಯವಾದುದು.

ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ವಿಕೃಷ್ಟಮಧ್ಯಮವೇ ಯೋಗ್ಯವೆಂದು ಮುನಿಯ ನಿರ್ಣಯ. ಕಾರಣವನ್ನೂ ಆತನೇ ಹೇಳಿರುವನು: ಮಂಡಪವು ಅತಿ ವಿಸ್ತಾರವಾದರೆ ಪಾಠ್ಯವು ವಿಸ್ವರವಾಗುವುದು, ಮುಖದ ಭಾವವು ಅವ್ಯಕ್ತವಾಗುವುದು. ಹಸ್ತವೊಂದಕ್ಕೆ ಒಂದೂವರೆ ಅಡಿಯೆಂದು ಎಣಿಸಿದರೆ, ಅರ್ಧಭಾಗವನ್ನು ಪ್ರೇಕ್ಷಕರಿಗೆ ಬಿಟ್ಟ ಈ ಗೃಹದಲ್ಲಿ ಪ್ರೇಕ್ಷಕಸ್ಥಾನದ ಉದ್ದವು ಸುಮಾರು 48 ಅಡಿ ಮಾತ್ರ. ಶೈಲಗುಹೆಯ ಆಕಾರ, ಕಿರಿದಾದ ವಾತಾಯನಗಳು, ಗಾಳಿಯ ತಡೆ, ಇವೆಲ್ಲವೂ ಸ್ವರಗಾಂಭೀರ್ಯಕ್ಕಾಗಿ. ಚತುರಸ್ರದ ಪ್ರಸ್ತಾವದಲ್ಲಿ ಇಟ್ಟಿಗೆಮರಗಳಿಂದ ಸೋಪಾನಾಕೃತಿಯ ಆಸನಗಳು ವಿಹಿತವಾಗಿವೆ. ದ್ವಿಭೂಮಿಯೆಂಬ ಶಬ್ದಕ್ಕೆ ಅಭಿನವಗುಪ್ತನು ಉಲ್ಲೇಖಿಸುವ ಹಲವು ಅರ್ಥಗಳಲ್ಲಿ ಒಂದು, ನೆಲವು ರಂಗದಿಂದ ಬಾಗಿಲವರೆಗೆ ಕ್ರಮವಾಗಿ ಏರುವುದರಿಂದ ಸಾಮಾಜಿಕರು ಒಬ್ಬರನ್ನೊಬ್ಬರು ಮರೆಮಾಡಲಾರರೆಂಬುದು. ನನಗೆ ಈ ಅರ್ಥವೇ ಸಮಂಜಸವಾಗಿ ತೋರುತ್ತದೆ.

ಇನ್ನು ತೊಡಕಿನ ಮಾತು. ಮಂಡಪದ ಸ್ಥಾಪನಾಕಾಲದಲ್ಲಿ ಪಾಷಂಡಿಗಳನ್ನೂ ಕಾಷಾಯವಸ್ತ್ರಧಾರಿಗಳನ್ನೂ ವಿಕಲಾಂಗರನ್ನೂ ದೂರಮಾಡಬೇಕೆಂದು ಅದೇ ಅಧ್ಯಾಯದಲ್ಲಿದೆ. ಇದನ್ನು ಮುಚ್ಚಿಡುವುದು ಪಂಡಿತಧರ್ಮವಲ್ಲ. ಆ ವಿಧಿಯು ಕಠೋರವಾದುದೇ ಸರಿ. ಆದರೆ ಅದು ಪ್ರತಿಷ್ಠಾಕರ್ಮಕ್ಕೆ ಸಂಬಂಧಿಸಿದುದು; ಪ್ರಯೋಗದರ್ಶನಕ್ಕೆ ಅದನ್ನು ಅನ್ವಯಿಸಲು ಆಧಾರವಿಲ್ಲ. ನಾಟ್ಯವು ಸಾರ್ವವರ್ಣಿಕವೆಂದೂ, ದುಃಖ, ಶ್ರಮ, ಶೋಕಗಳಿಂದ ಬಳಲಿದವರಿಗೆ ವಿಶ್ರಾಂತಿಯನ್ನು ಕೊಡುವುದೆಂದೂ ಪ್ರಥಮಾಧ್ಯಾಯವು ಸಾರಿರುವಾಗ, ಬಳಲಿದವನನ್ನೇ ಬಾಗಿಲಾಚೆ ನಿಲ್ಲಿಸುವುದು ಹೇಗೆ ಸಂಗತವಾದೀತು? ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಉತ್ತಮಪ್ರೇಕ್ಷಕನ ಗುಣಗಳನ್ನು ಎಣಿಸಿದ ಮುನಿಯು, ಅವೆಲ್ಲವೂ ಒಬ್ಬನಲ್ಲಿಯೇ ಇರಲಾರವೆಂದು ಒಪ್ಪಿಕೊಂಡಿರುವುದೂ ಗಮನಾರ್ಹ.

ನಾಟ್ಯವು ದೃಶ್ಯವೂ ಹೌದು, ಶ್ರವ್ಯವೂ ಹೌದು. ಪಾತ್ರವು ಒಳಬರುವಾಗ ಪ್ರಾವೇಶಿಕೀ, ಹೊರಹೋಗುವಾಗ ನೈಷ್ಕ್ರಾಮಿಕೀ ಧ್ರುವಾಗಾನವು ವಿಹಿತವಾಗಿದೆ. ಕಣ್ಣು ಕಾಣದವನು ಇವುಗಳಿಂದಲೇ ರಂಗದ ಆಗುಹೋಗುಗಳನ್ನು ಬಹುಮಟ್ಟಿಗೆ ಅರಿಯಬಲ್ಲನು. ಕಿವಿ ಕೇಳದವನಿಗೆ ಆಂಗಿಕಾಭಿನಯವುಂಟು. ಮುನಿಯು ಹೀಗೆಂದು ಎಲ್ಲಿಯೂ ಹೇಳಿಲ್ಲ; ಇದು ನನ್ನ ಊಹೆ.

ಉಳಿದುದು ಕಾಲಿನ ಪ್ರಶ್ನೆ. ಕಣ್ಣಿಗೆ ಉಪಕಾರಿಯಾದ ಸೋಪಾನವೇ ನಡೆಯಲಾರದವನಿಗೆ ಅಡ್ಡಿ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಸಾರ್ವಜನಿಕ ಕಟ್ಟಡಗಳಲ್ಲಿ ಸುಗಮಪ್ರವೇಶವನ್ನು ವಿಧಿಸಿದ ಮೇಲೆ, ರಂಗಮಂದಿರಗಳನ್ನು ಕಟ್ಟುವವರು ಇಳಿಜಾರಿನ ಹಾದಿಯನ್ನು ಕಲ್ಪಿಸಬೇಕಾಗಿದೆ. ನೆಲವೇ ಕ್ರಮವಾಗಿ ಏರುವುದೆಂಬ ಆ ಹಳೆಯ ವ್ಯಾಖ್ಯಾನವನ್ನು ಅವರೊಮ್ಮೆ ಓದಿ ನೋಡಬಹುದು.